ಕೆಮ್ಮುವವನಿಗೆ ಶಬ್ದಾರ್ಥ ಪಾಠ

ನಮ್ಮ ಭಾವನವರ ವಿದ್ವತ್ತಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಆ ಗೌರವ ಊಟದ ಹೊತ್ತಿಗೆ ಅನ್ವಯಿಸುವುದಿಲ್ಲ. ಆಯುಷ್ಯವೆಲ್ಲ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಅವರು, ತಿದ್ದಲು ಉತ್ತರಪತ್ರಿಕೆಗಳು ಸಿಗದ ಕಾರಣ, ಈಗ ಮನುಷ್ಯರನ್ನೇ ತಿದ್ದುತ್ತಾರೆ. ‘ಬ್ರೀದ್’ ಎಂದು ಬರೆಯಬೇಕಾದಲ್ಲಿ ಕೊನೆಯ ‘ಇ’ ಅಕ್ಷರವನ್ನು ನುಂಗಿ ‘ಬ್ರೆತ್’ ಎಂದು ಬರೆದವರ ಮೊಬೈಲಿಗೆ, ಅವರು ಕಳುಹಿಸಿದ್ದು ಸಂತಾಪ ಸಂದೇಶವಾಗಿದ್ದರೂ ಸರಿಯೇ, ತಿದ್ದುಪಡಿ ಹೋಗಿಯೇ ಹೋಗುತ್ತದೆ.

ಮೊನ್ನೆ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವಳು ಏನೋ ಹೇಳಿ ನಗಿಸಿದಳು, ಬಾಯಲ್ಲಿದ್ದ ನೀರು ನೆತ್ತಿಗೇರಿತು. ನುಂಗುವಾಗ ಶ್ವಾಸನಾಳದ ಬಾಯಿಯನ್ನು ಮುಚ್ಚಬೇಕಾದ ಪುಟ್ಟ ಮುಚ್ಚಳವು ನಗುವಾಗ ತೆರೆದೇ ಇರುತ್ತದೆಯಾದ್ದರಿಂದ ಎರಡನ್ನೂ ಒಟ್ಟಿಗೆ ಮಾಡಲು ಹೊರಟವರಿಗೆ ಹೀಗಾಗುವುದು ಸಹಜ. ಕಣ್ಣಲ್ಲಿ ನೀರು ಬಂದು, ಮುಖ ಕೆಂಪೇರಿ, ಮೇಜಿನ ಅಂಚು ಹಿಡಿದು ಕೆಮ್ಮತೊಡಗಿದೆ. ಅಕ್ಕನ ಮಗ ಗಾಬರಿಯಿಂದ ಎದ್ದು, “ಅಪ್ಪಾ, ಮಾವ ಸಫೊಕೇಟ್ ಆಗ್ತಿದ್ದಾರೆ!” ಎಂದು ಕೂಗಿದ.

ಭಾವನವರು ಕೈಯೆತ್ತಿ ಅವನನ್ನು ತಡೆದರು. “ಸಫೊಕೇಟ್ ಅಲ್ಲ, ಚೋಕ್,” ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ. ಆದರೆ ಅವರು ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ತರಗತಿಯಲ್ಲಿ ಸೀಮೆಸುಣ್ಣ ಹಿಡಿಯುತ್ತಿದ್ದ ಅದೇ ಭಂಗಿಯಲ್ಲಿ ಚಮಚ ಹಿಡಿದರು. “ಗಾಳಿ ಕೋಣೆಯ ತುಂಬ ಇದೆ, ನಿನ್ನ ಮಾವನ ಗಂಟಲೊಳಗೆ ಮಾತ್ರ ಅಡ್ಡಿಯಿದೆ. ಅಡ್ಡಿ ಒಳಗಿದ್ದರೆ ಚೋಕ್. ಸುತ್ತ ಗಾಳಿಯೇ ಇಲ್ಲದೆ, ಮುಚ್ಚಿದ ಪೆಟ್ಟಿಗೆಯಲ್ಲೋ ಹೊಗೆ ತುಂಬಿದ ಕೋಣೆಯಲ್ಲೋ ಸಿಕ್ಕಿಕೊಂಡರೆ ಸಫೊಕೇಟ್. ಮುಖದ ಮೇಲೆ ದಿಂಬು ಒತ್ತಿದರೆ ಸ್ಮದರ್. ಹೊರಗಿನಿಂದ ಯಾರಾದರೂ ಕುತ್ತಿಗೆ ಹಿಸುಕಿದರೆ ಸ್ಟ್ರ್ಯಾಂಗಲ್.” ಈ ಕೊನೆಯ ಪದಕ್ಕೆ ಪ್ರತ್ಯಕ್ಷ ಉದಾಹರಣೆ ಕೊಡಬೇಕೆಂಬ ಆಸೆ ನನ್ನ ಎರಡೂ ಕೈಗಳಿಗೆ ಬಂದಿತ್ತು, ಆದರೆ ಅವು ಮೇಜನ್ನು ಬಿಡುವ ಸ್ಥಿತಿಯಲ್ಲಿರಲಿಲ್ಲ. ಅವರು ನನ್ನತ್ತ ಬಾಗಿ, ಮೌಖಿಕ ಪರೀಕ್ಷೆಗೆ ಬಂದ ವಿದ್ಯಾರ್ಥಿಯನ್ನು ನೋಡುವಂತೆ ನೋಡಿ, “ಏನಯ್ಯಾ, ಆರ್ ಯೂ ಚೋಕಿಂಗ್?” ಎಂದು ಕೇಳಿದರು. ಬೆನ್ನು ತಟ್ಟಲಿಲ್ಲ. ಲೋಟ ಮುಂದೆ ಸರಿಸಲಿಲ್ಲ. ಉತ್ತರಕ್ಕಾಗಿ ಕಾದರು.

ಕೆಮ್ಮು ಇಳಿದ ಮೇಲೆ, ಸೋಲೊಪ್ಪಲು ಮನಸ್ಸಿಲ್ಲದೆ, ಅವರ ವರ್ಗೀಕರಣವನ್ನು ಕೆಡವಲೇಬೇಕೆಂದು ನಿಘಂಟು ತೆರೆದು ಕುಳಿತೆ. ಇಂಗ್ಲಿಷಿನವರ ಉಸಿರಾಟದಲ್ಲಿ ಅಂಥ ಶಿಸ್ತೇನೂ ಇಲ್ಲವೆಂಬುದು ಅಲ್ಲಿ ತಿಳಿಯಿತು. ವೈದ್ಯರು ಗಂಭೀರವಾಗಿ ಬರೆಯುವ ‘ಅಸ್ಫಿಕ್ಸಿಯಾ’ ಎಂಬ ಪದದ ಗ್ರೀಕ್ ಮೂಲದಲ್ಲಿ ಉಸಿರಿನ ಸುಳಿವೇ ಇಲ್ಲ. ಅದರ ಅರ್ಥ ‘ನಾಡಿ ಇಲ್ಲದಿರುವುದು’. ‘ಬ್ರೆತ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ವಾಸನೆಯೆಂಬ ಅರ್ಥವಿತ್ತು. ಲ್ಯಾಟಿನ್ನಿನಲ್ಲಿ ಉಸಿರಾಡುವುದಕ್ಕಿದ್ದ ಒಂದೇ ಧಾತುವಿನಿಂದ, ಉಸಿರು ಒಳಗೆ ತುಂಬಿದರೆ ಇನ್‌ಸ್ಪೈರ್, ಹೊರಗೆ ಹೋಗಿಬಿಟ್ಟರೆ ಎಕ್ಸ್‌ಪೈರ್, ನಾಲ್ಕು ಜನ ಸೇರಿ ಉಸಿರಾಡಿದರೆ ಕಾನ್‌ಸ್ಪೈರ್, ಅಂದರೆ ಪಿತೂರಿ. ‘ಥ್ರಾಟಲ್’ ಹುಟ್ಟಿದ್ದೇ ಗಂಟಲಿನಿಂದ. ಮನುಷ್ಯನಿಗೆ ಅದನ್ನು ಮಾಡಿದರೆ ಕೊಲೆ ಮೊಕದ್ದಮೆ, ಎಂಜಿನ್ನಿನಲ್ಲಿ ಅದನ್ನು ಪೂರ್ತಿ ತೆರೆದರೆ ನಾಗಾಲೋಟ. ಇನ್ನು ಚೋಕ್ ಎಳೆಯದಿದ್ದರೆ ಹಳೆಯ ಸ್ಕೂಟರುಗಳಿಗೆ ಚಳಿಗಾಲದ ಬೆಳಗ್ಗೆ ಜೀವವೇ ಬರುತ್ತಿರಲಿಲ್ಲ. ಒಳಹೋಗುವ ಗಾಳಿಯನ್ನು ಕಡಿಮೆ ಮಾಡಿ ಪೆಟ್ರೋಲಿನ ಅಂಶವನ್ನು ಹೆಚ್ಚಿಸಿದಾಗಲೇ ಅದು ಉಸಿರು ಹಿಡಿಯುವುದು ಎಂದು ನಾನು ವಾದಿಸಿದಾಗ ಭಾವನವರು, “ನೀನು ಸ್ಕೂಟರ್ ಅಲ್ಲವಲ್ಲ,” ಎಂದು ಹೇಳಿ ಮೊಸರಿಗೆ ಕೈಹಾಕಿದರು.

ಕನ್ನಡದಲ್ಲಿ ನಾವು ಉಸಿರು ನಿಲ್ಲುವ ಬಗೆಗಳಿಗೆ ಇಷ್ಟೊಂದು ಪದಗಳನ್ನು ಖರ್ಚು ಮಾಡಿಲ್ಲ. ‘ಉಸಿರುಗಟ್ಟಿತು’ ಎಂದರೆ ದಿಂಬು, ಹೊಗೆ, ಸೆಕೆ, ಜನಜಂಗುಳಿ, ಕೆಲವು ಸಂಬಂಧಗಳು, ಎಲ್ಲವೂ ಬಂದವು. ನಮ್ಮ ಸಂಪತ್ತೆಲ್ಲ ಉಸಿರು ಆಡುತ್ತಿರುವಾಗಿನದು: ಏದುಸಿರು, ನಿಟ್ಟುಸಿರು, ಬಿಸುಸುಯಿಲು, ಉಬ್ಬಸ. ಅಮ್ಮನಿಗೆ ಉಬ್ಬಸವಿತ್ತು. ಗೋಡೆಯಾಚೆಯಿಂದ ಕೇಳುವ ಸದ್ದಿನಲ್ಲೇ ಅವಳು ಮಲಗಿದ್ದಾಳೋ ಎದ್ದು ಕುಳಿತಿದ್ದಾಳೋ ಎಂದು ಅಕ್ಕನಿಗೂ ನನಗೂ ತಿಳಿಯುತ್ತಿತ್ತು, ಎದ್ದು ಕುಳಿತ ರಾತ್ರಿಗಳಲ್ಲಿ ಇಬ್ಬರಲ್ಲಿ ಒಬ್ಬರು ಮಾತಿಲ್ಲದೆ ಹೋಗಿ ಬೆನ್ನು ನೀವುತ್ತಿದ್ದೆವು. ಅದಕ್ಕೆ ಇಂಗ್ಲಿಷಿನಲ್ಲಿ ‘ವೀಝ್’ ಎನ್ನಬೇಕೆಂದು ಮುಂದೆ ಕಲಿತೆ, ಆದರೆ ಅಮ್ಮನ ಆ ಸದ್ದಿಗೆ ಆ ಪದವನ್ನು ಬಳಸಲು ಮನಸ್ಸು ಬಂದಿಲ್ಲ. ಏದುಸಿರು ಬಿಡುವುದಕ್ಕೆ ಅವರು ‘ಪ್ಯಾಂಟ್’ ಎನ್ನುತ್ತಾರೆಂಬುದನ್ನಂತೂ ಗಂಭೀರವಾಗಿ ಸ್ವೀಕರಿಸುವುದೇ ಕಷ್ಟ.

ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ ಅವರು ಗಂಟಲಲ್ಲಿ ತುತ್ತು ಸಿಕ್ಕಿಕೊಂಡವರನ್ನು ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ ಒತ್ತುವ ಉಪಾಯವನ್ನು 1974ರಲ್ಲಿ ಪ್ರಕಟಿಸಿದರು. 2016ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ತಾವಿದ್ದ ವೃದ್ಧರ ವಸತಿಯ ಊಟದ ಮೇಜಿನಲ್ಲಿ ತುತ್ತು ಸಿಕ್ಕಿಕೊಂಡು ಒದ್ದಾಡುತ್ತಿದ್ದ ಮಹಿಳೆಯೊಬ್ಬರನ್ನು ಅದೇ ಉಪಾಯದಿಂದ ಉಳಿಸಿದರು. ಊಟಕ್ಕೆ ಅಂಥ ಪಂಕ್ತಿ ಸಿಗಲು ಪುಣ್ಯ ಬೇಕು ಎಂದು ಭಾವನವರಿಗೆ ಕೇಳಿಸುವಂತೆಯೇ ಅಕ್ಕನಿಗೆ ಹೇಳಿದೆ.

ಅದೇ ನನಗೆ ತಿರುಗಿಬಿತ್ತು. ಭಾವನವರು ಮರುದಿನ ಪ್ರಥಮ ಚಿಕಿತ್ಸೆಯ ಕೈಪಿಡಿಯೊಂದನ್ನು ಓದಿ ಮುಗಿಸಿ, ಸಂಬಂಧಪಟ್ಟ ಸಾಲುಗಳಿಗೆ ಕೆಂಪು ಗೆರೆ ಎಳೆದು ನನ್ನ ಮುಂದಿಟ್ಟರು. ಜೋರಾಗಿ ಕೆಮ್ಮುತ್ತಿರುವವರ ಶ್ವಾಸನಾಳದಲ್ಲಿ ಗಾಳಿ ಇನ್ನೂ ಆಡುತ್ತಿರುವುದರಿಂದ ಅವರನ್ನು ಕೆಮ್ಮಲು ಬಿಡಬೇಕು, ಬೆನ್ನಿಗೆ ಗುದ್ದುವ ಅಗತ್ಯವಿಲ್ಲ ಎಂದು ಅದರಲ್ಲಿತ್ತು. ಅಂದರೆ ಅವರು ಕೈಕಟ್ಟಿ ಕುಳಿತದ್ದು ಶಾಸ್ತ್ರೋಕ್ತ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಮುಂದಿನ ಸಾಲು: ಮೊದಲು ಆ ವ್ಯಕ್ತಿಯನ್ನು “ಆರ್ ಯೂ ಚೋಕಿಂಗ್?” ಎಂದೇ ಕೇಳಬೇಕಂತೆ. ಬಾಯಿಬಿಟ್ಟು ಉತ್ತರ ಹೇಳಿದರೆ ಗಾಬರಿಯಿಲ್ಲ, ಹೇಳಲಾಗದೆ ತಲೆಯಾಡಿಸಿದರೆ ಆಪತ್ತು. “ನೋಡಿದೆಯಾ? ಸಫೊಕೇಟಿಂಗ್ ಎಂದು ಕೇಳಬೇಕೆಂದು ಎಲ್ಲಿಯೂ ಇಲ್ಲ,” ಎಂದು ಭಾವನವರು ಕನ್ನಡಕ ಒರೆಸಿಕೊಂಡರು.

ಇನ್ನು ಮೇಲೆ ಕೆಮ್ಮು ಬಂದರೆ ಎದ್ದು ಹೊರಗೆ ಹೋಗುವುದೇ ಲೇಸೆಂದು ಅಕ್ಕನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಅವರು ಪುಟ ತಿರುಗಿಸಿ ಇನ್ನೊಂದು ಕೆಂಪು ಗೆರೆಯ ಮೇಲೆ ಬೆರಳಿಟ್ಟರು: ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗ ಸಂಕೋಚದಿಂದ ಒಬ್ಬರೇ ಎದ್ದುಹೋಗುವುದು ಅಪಾಯಕರ, ಜನರಿರುವಲ್ಲಿಯೇ ಇರತಕ್ಕದ್ದು. ಆದ್ದರಿಂದ ಮುಂದಿನ ಭಾನುವಾರದ ಊಟಕ್ಕೂ ನಾನು ಭಾವನವರ ಎದುರಿನ ಕುರ್ಚಿಯಲ್ಲಿಯೇ ಕುಳಿತುಕೊಳ್ಳಬೇಕೆಂದು ಅಕ್ಕ ತೀರ್ಮಾನಿಸಿದ್ದಾಳೆ.