ಮದ್ದು ಸೊಪ್ಪು, ಮೈಲುತುತ್ತ ಮತ್ತು ನಮ್ಮ ಭಾವ

ಕಕ್ಕಡ ಹದಿನೆಂಟಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳಲ್ಲಿ ಮದ್ದು ಸೊಪ್ಪು ತಿನ್ನೋ ದಿನಕ್ಕೆ, ಇನ್ನು ನಾಲ್ಕೇ ದಿನ. ಮದ್ದು ಸೊಪ್ಪಿನ ಪಾಯಸ ತಿಂದಮೇಲೆ ಮೂತ್ರ ಕೆಂಪಗೆ ಹೋದರೆ ಮದ್ದು ಮೈಗೆ ಹಿಡಿಯಿತು ಅಂತ ನಮ್ಮ ಕೊಡಗಿನಲ್ಲಿ ಲೆಕ್ಕ. ಚಿಕ್ಕವರಿದ್ದಾಗ ಯಾರದ್ದು ಜಾಸ್ತಿ ಕೆಂಪು ಅಂತ ಪಂದ್ಯವೇ ನಡೆಯುತ್ತಿತ್ತು!

ಈ ಸಲ ಭಾವ ಮನೆಯವರ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ದಾರೆ. ಸೀಸ, ಕ್ಯಾಡ್ಮಿಯಂ ತಿನ್ನಿಸಿದ ಇಲಿಗಳಿಗೆ ಸೊಪ್ಪಿನ ಸಾರ ಕೊಟ್ಟರೆ ಲಿವರ್, ಕಿಡ್ನಿ ಉಳಿಯುತ್ತವಂತೆ. ಕೆಳಗೆ, ಕಾಫಿ ಗಿಡದ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ಬಗ್ಗೆ ಅವರದೇ ಷರಾ: "ಬೋರ್ಡೋ ಹೊಡೆಯುವವರಿಗೆ ನಮ್ಮ ಪಾಯಸ ಸಾಕು, ಮಾಸ್ಕ್ ಯಾಕೆ?"

ಆ ಕೊನೆಯ ಸಾಲಿಗೆ ಸುಮ್ನಿರೋಕೆ ಆಗಲಿಲ್ಲ.

ಇಲಿಗಳ ಕಥೆ ಸುಳ್ಳಲ್ಲ. ನುಗ್ಗೆ ಸೊಪ್ಪು, ಅರಿಶಿನ ಇಟ್ಟುಕೊಂಡು ಇಂಥ ಪ್ರಯೋಗ ಬೇಕಾದಷ್ಟು ನಡೆದಿವೆ. ಈ ಲೋಹಗಳು ಜೀವಕೋಶದ ಒಳಗೆ ಒಂಥರಾ ತುಕ್ಕು ಹಿಡಿಸುತ್ತವೆ. ಸೊಪ್ಪಿನ ಕೆಲವು ಅಂಶಗಳು ಅದನ್ನು ತಡೆಯುತ್ತವೆ. ಆದರೆ ಅಲ್ಲಿ ವಿಷಕ್ಕೆ ಮೊದಲೋ, ವಿಷದ ಜೊತೆಗೋ ಮದ್ದು ಕೊಡೋದೇ ಹೆಚ್ಚು. ಅದೂ ಕೆಲವು ವಾರಗಳ ಆಟ. ಮನುಷ್ಯನ ಕಿಡ್ನಿಗೆ ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯೋಕೇ 10 ವರ್ಷಕ್ಕಿಂತ ಜಾಸ್ತಿ ಬೇಕು. ಸೀಸ ಮೂಳೆಯಲ್ಲಿ ಹೋಗಿ ಕೂರುತ್ತದೆ. ವರ್ಷಕ್ಕೊಂದು ಲೋಟ ಪಾಯಸ ಅದನ್ನು ಎಬ್ಬಿಸುತ್ತಾ? ಅಂದಹಾಗೆ ಮೂತ್ರದ ಕೆಂಪು ಸೊಪ್ಪಿನದೇ ಬಣ್ಣ ಭಾವ, ಹೊರಗೆ ಹೋಗೋ ವಿಷದ್ದಲ್ಲ.

ಬೋರ್ಡೋ ವಿಷಯಕ್ಕೆ ಬರ್ತೀನಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಒಂದು ಕೆಜಿ ಸುಣ್ಣ. ಕಲಸಿದ ಮೇಲೆ ಕತ್ತಿಯ ತುದಿ ಅದ್ದಿ ನೋಡಬೇಕು. ಕಬ್ಬಿಣದ ಮೇಲೆ ಕೆಂಪಗೆ ತಾಮ್ರದ ಪದರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಅದನ್ನು ಬರಿಗೈಯಲ್ಲೇ ಕಲಸಿದ್ದೆ. ಉಗುರಿನ ಸಂದಿಯ ನೀಲಿ ಎಷ್ಟೋ ದಿನ ಹೋಗಿರಲಿಲ್ಲ. ಗಾಳಿ ತಿರುಗಿದಾಗ ಬಾಯಲ್ಲಿ ಹಳೇ ನಾಣ್ಯ ಚೀಪಿದ ರುಚಿ. ಮಾಸ್ಕ್ ಕೇಳಿದ್ದರೆ ನಗುತ್ತಿದ್ದರು. ನಾನೂ ಕೇಳಲಿಲ್ಲ ಬಿಡಿ.

ಬೋರ್ಡೋ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದನ್ನೇ ಹೊಡೆದವರ ಶ್ವಾಸಕೋಶ ಹಾಳಾಗಿದ್ದನ್ನು ಅಲ್ಲಿನ ವೈದ್ಯರು 1969ರಲ್ಲೇ ಬರೆದಿಟ್ಟಿದ್ದಾರೆ. ಆಮೇಲೆ ಅವರ ಲಿವರಿನಲ್ಲೂ ತಾಮ್ರ ಸಿಕ್ಕಿತು. ಅಂದರೆ ಅದು ಒಳಗೆ ಹೋಗೋ ದಾರಿ ಮೂಗು. ಹಾಗಿರುವಾಗ ಪಾಯಸ ಒಳಗೆ ಕೂತು ಏನು ಕಾವಲು ಕಾಯಬೇಕು ಹೇಳಿ.

ಇನ್ನು "ಲಿವರ್ ಕ್ಲೀನ್" ಪುಡಿಗಳು. ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷೆ ಮಾಡಿ 2004ರಲ್ಲಿ ವರದಿ ಮಾಡಿದ್ದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು! ನಂಜು ತೆಗೆಯೋಕೆ ಅಂತ ನಂಜನ್ನೇ ದುಡ್ಡು ಕೊಟ್ಟು ತಂದ ಹಾಗಾಯ್ತಲ್ವಾ? ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಸೀಸ ಜಾಸ್ತಿ ಇದ್ದರೆ ಅದನ್ನು ಹಿಡಿದು ಹೊರಹಾಕೋ ಔಷಧಿ ಡಾಕ್ಟರ ಹತ್ತಿರ ಇದೆ.

ಭಾವ ಇಷ್ಟಕ್ಕೆ ಕೋಪ ಮಾಡ್ಕೋಬಾರದು. ಪಾಯಸ ನಾನೂ ಬಿಡಲ್ಲ, ತುಪ್ಪ, ಜೇನು ಜಾಸ್ತಿ ಹಾಕ್ಕೊಂಡೇ ತಿಂತೀನಿ. ಅಮ್ಮ ಸೊಪ್ಪು ತರೋಕೆ ಹೇಳಿದ್ದಾರೆ. ಕಾಫಿ ಗಿಡದ ಬುಡದಲ್ಲಿ ದಟ್ಟವಾಗಿ ಬಂದಿದೆ. ಆದರೆ ಮಳೆಗೆ ಮುಂಚೆ ಅಲ್ಲೆಲ್ಲ ಬೋರ್ಡೋ ಹೊಡೆಸಿದ್ದೆ. ಸ್ವಲ್ಪ ದೂರವಾದರೂ ತೋಡಿನ ಆಚೆ ಬದಿಯದ್ದನ್ನೇ ಕೊಯ್ದು ತರ್ತೀನಿ.