ಒಂದೇ ವಯಸ್ಸಿನ ಎರಡು ಕಟ್ಟಡ

ಊರಿಂದ ಯಾರಾದರೂ ಶಿಕಾಗೋಗೆ ಬಂದರೆ ಅವರಿಗೆ ಮೊದಲು ನೋಡಬೇಕಾಗಿರುವುದು ಮೋಡ ಮುಟ್ಟುವ ಗಾಜಿನ ಕಟ್ಟಡಗಳು. ನಾನು ಅವರನ್ನು ಜಾಕ್ಸನ್ ರಸ್ತೆ ಮತ್ತು ಡಿಯರ್‌ಬಾರ್ನ್ ರಸ್ತೆ ಸೇರುವ ಮೂಲೆಗೆ ಎಳೆದುಕೊಂಡು ಹೋಗುತ್ತೇನೆ. ಅಲ್ಲಿ ಮೊನಾಡ್‌ನಾಕ್ ಅಂತ ಒಂದು ಹಳೇ ಆಫೀಸು ಕಟ್ಟಡ ಇದೆ. 16 ಅಂತಸ್ತು, ಕಂದು ಬಣ್ಣ, ಮೈಮೇಲೆ ಒಂದು ಕೆತ್ತನೆಯೂ ಇಲ್ಲ. "ಇದನ್ನ ನೋಡೋಕೆ ಇಷ್ಟು ದೂರ ನಡೆಸಿದ್ಯಾ?" ಅಂತ ನನ್ನ ಸೋದರಮಾವ ಬೈದೇಬಿಟ್ಟರು.

ಒಳಗೆ ಕರೆದುಕೊಂಡು ಹೋಗಿ ಕಿಟಕಿ ಪಕ್ಕ ನಿಲ್ಲಿಸಿದೆ. ಆಗ ಸುಮ್ಮನಾದರು. ನೆಲಮಟ್ಟದಲ್ಲಿ ಆ ಗೋಡೆ ಸುಮಾರು 6 ಅಡಿ ದಪ್ಪ. ಅವರು ಕೈ ಚಾಚಿದರೂ ಆಚೆ ಅಂಚು ಸಿಗಲಿಲ್ಲ. ಉತ್ತರದ ಅರ್ಧ ಭಾಗಕ್ಕೆ ಉಕ್ಕಿನ ಚೌಕಟ್ಟಿಲ್ಲ. 16 ಅಂತಸ್ತಿನ ಭಾರವನ್ನು ಹೊರಗಡೆ ಹೊತ್ತು ನಿಂತಿರುವುದು ಇಟ್ಟಿಗೆ ಗೋಡೆಯೇ. ಕಟ್ಟಿಸಿದವರು ಬಾಸ್ಟನ್ನಿನ ಬ್ರೂಕ್ಸ್ ಸಹೋದರರು. ಅವರಿಗೆ ಅಲಂಕಾರ ಬೇಕಿರಲಿಲ್ಲ. ಚಾಚಿಕೊಂಡಿರುವ ಕಲ್ಲಿನ ಮೇಲೆ ಧೂಳು ಕೂರುತ್ತೆ, ಪಾರಿವಾಳ ಕೂರುತ್ತೆ ಅನ್ನುವುದು ಪೀಟರ್ ಬ್ರೂಕ್ಸ್ ತಕರಾರು. ನಮ್ಮೂರ ಯಾವ ಮನೆ ಮಾಲೀಕ ಬೇಕಾದರೂ ಆಡಬಹುದಾದ ಮಾತು, ಅಲ್ವಾ? ವಾಸ್ತುಶಿಲ್ಪಿ ಜಾನ್ ರೂಟ್ ಅದಕ್ಕೆ ಒಪ್ಪಿ, ಕಟ್ಟಡದ ಬುಡವನ್ನೂ ತಲೆಯನ್ನೂ ಸ್ವಲ್ಪ ಹೊರಕ್ಕೆ ಬಾಗಿಸಿ, ಆ ಒಂದು ಬಾಗಿನಲ್ಲೇ ಚೆಲುವು ತಂದ. ಕಟ್ಟಡ ಮುಗಿದದ್ದನ್ನು ನೋಡಲು ಮಾತ್ರ ಅವನಿರಲಿಲ್ಲ. 1891ರ ಜನವರಿಯಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡ.

ದಕ್ಷಿಣದ ಅರ್ಧ 1893ರಲ್ಲಿ ಮುಗಿಯಿತು. ಅಷ್ಟರಲ್ಲಿ ಕಾಲ ಬದಲಾಗಿ, ಅದಕ್ಕೆ ಉಕ್ಕಿನ ಚೌಕಟ್ಟು ಬಂತು. ಗೋಡೆ ತೆಳುವಾದರೆ ಬಾಡಿಗೆಗೆ ಕೊಡುವ ಜಾಗ ಜಾಸ್ತಿ. ಲೆಕ್ಕ ಅಷ್ಟೇ. ಉತ್ತರದ ಭಾಗವಂತೂ ಶಿಕಾಗೋದ ಮೆತ್ತನೆ ಜೇಡಿಮಣ್ಣಿನಲ್ಲಿ ಇಳಿಯತೊಡಗಿತು. 8 ಇಂಚು ಇಳಿಯಬಹುದು ಅಂತ ಲೆಕ್ಕ ಹಾಕಿದ್ದರು. ಇಳಿದದ್ದು ಸುಮಾರು 20 ಇಂಚು.

ಈಗ ನಮ್ಮ ಮೈಸೂರಿಗೆ ಬರುತ್ತೇನೆ. ಚಿಕ್ಕ ಗಡಿಯಾರ ಅನ್ನುವ ಗೋಪುರದ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕಟ್ಟಿದ್ದು 1892ರಲ್ಲಿ, ವೈಸರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ. ಅಂದರೆ ಎರಡೂ ಕಟ್ಟಡ ಒಂದೇ ವಯಸ್ಸಿನವು. ಎರಡೂ ಪೇಟೆಯ ನಡುವೆ, ಎರಡರ ಕೆಳಗೂ ಅಂಗಡಿಗಳು. ನನ್ನ ಪಿಯುಸಿ ಭೌತಶಾಸ್ತ್ರದ ಪುಸ್ತಕ ಸಿಕ್ಕಿದ್ದು ಅಲ್ಲಿನ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ. ಮೂರು ಜನ ಮೊದಲೇ ಓದಿ, ಮುಖ್ಯವಾದದ್ದಕ್ಕೆಲ್ಲ ಗೆರೆ ಎಳೆದಿಟ್ಟಿದ್ದರು. 2012ರ ಆಗಸ್ಟಿನಲ್ಲಿ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅಂಗಡಿಗಳನ್ನು ಖಾಲಿ ಮಾಡಿಸಿದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಿ ಹೊಸದು ಕಟ್ಟಬೇಕಾ, ಇರುವುದನ್ನೇ ರಿಪೇರಿ ಮಾಡಬೇಕಾ ಅನ್ನುವ ಜಗಳ ಕೋರ್ಟಿನ ತನಕ ಹೋಯಿತು.

"ಅಮೆರಿಕದವರಿಗೆ ಹಳೇದರ ಮೇಲೆ ಪ್ರೀತಿ, ನಮ್ಮವರಿಗಿಲ್ಲ" ಅನ್ನುವ ಮಾತು ಇಲ್ಲಿನ ಕನ್ನಡ ಕೂಟಗಳಲ್ಲಿ ಸಲೀಸಾಗಿ ಬರುತ್ತೆ. ನನಗೆ ಅದು ಒಪ್ಪಿಗೆಯಿಲ್ಲ. ಇದೇ ಶಿಕಾಗೋದಲ್ಲಿ 1894ರ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡವನ್ನು 1972ರಲ್ಲಿ ಕೆಡವಿದರು. ಅದರ ಕೆತ್ತನೆಗಳನ್ನು ಉಳಿಸಿಕೊಳ್ಳಲು ಒಳಗೆ ಹೋದ ಛಾಯಾಗ್ರಾಹಕ ರಿಚರ್ಡ್ ನಿಕೆಲ್ ಅವಶೇಷಗಳಡಿ ಸಿಕ್ಕಿ ಸತ್ತ. ಆ ಕಟ್ಟಡದ ಬಾಗಿಲ ಕಮಾನು ಈಗ ಆರ್ಟ್ ಇನ್‌ಸ್ಟಿಟ್ಯೂಟಿನ ಪಕ್ಕ ಒಂಟಿಯಾಗಿ ನಿಂತಿದೆ. ಪ್ರೀತಿ ಗೀತಿ ಎಲ್ಲ ಆಮೇಲಿನ ಮಾತು.

ಮೊನಾಡ್‌ನಾಕ್ ಉಳಿದದ್ದು ಬಾಡಿಗೆಯಿಂದ ಅಂತ ನನ್ನ ಅನಿಸಿಕೆ. 1970ರ ದಶಕದಲ್ಲಿ ಅದೂ ಸೊರಗಿತ್ತು. 1979ರಲ್ಲಿ ಕೊಂಡ ಹೊಸ ಮಾಲೀಕರು ಇಡೀ ಕಟ್ಟಡಕ್ಕೆ ಬೀಗ ಹಾಕಿ ಜೀರ್ಣೋದ್ಧಾರಕ್ಕೆ ಕೂರಲಿಲ್ಲ. ಒಂದೊಂದೇ ಭಾಗ ಅಂತ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಕೆಲಸ ಎಳೆಯಿತು. ಈ ಕಡೆ ಮೊಸಾಯಿಕ್ ನೆಲ ಕೂರಿಸುತ್ತಿದ್ದರೆ ಆ ಕಡೆ ಯಾರೋ ವಕೀಲರು ಕಕ್ಷಿದಾರರ ಜೊತೆ ಮಾತಾಡುತ್ತಿದ್ದರು. ಇದರ ಜೊತೆಗೆ ಇಲ್ಲಿ ಒಂದು ಒಳ್ಳೆ ಕಾನೂನಿದೆ. ವ್ಯಾಪಾರಕ್ಕೆ ಬಳಸುವ ಐತಿಹಾಸಿಕ ಕಟ್ಟಡವನ್ನು ನಿಯಮದ ಪ್ರಕಾರ ರಿಪೇರಿ ಮಾಡಿದರೆ, ಖರ್ಚಿನ 20%ರಷ್ಟು ಕೇಂದ್ರದ ಆದಾಯ ತೆರಿಗೆಯಲ್ಲಿ ಕಡಿತವಾಗುತ್ತೆ. ಮಾಲೀಕನಿಗೆ ದೇಶದ ಇತಿಹಾಸದ ಮೇಲೆ ಅಭಿಮಾನ ಇರಲೇಬೇಕು ಅಂತೇನಿಲ್ಲ, ಲೆಕ್ಕ ಬಂದರೆ ಸಾಕು.

ಈಗ ಒಳಗೆ ನಡೆದರೆ ಈ ರಸ್ತೆಯಿಂದ ಆ ರಸ್ತೆಯ ತನಕ ಉದ್ದನೆ ಓಣಿ. ಎರಡೂ ಕಡೆ ಪುಟ್ಟ ಅಂಗಡಿಗಳು: ಹ್ಯಾಟು, ಕಾಫಿ, ಕ್ಷೌರ. ಗಾಜಿನ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಬರೆದಿರುತ್ತೆ. ಮಿಣಮಿಣ ಬೋರ್ಡು ಇಲ್ಲವೇ ಇಲ್ಲ. ಮೆಟ್ಟಿಲು ಅಲ್ಯೂಮಿನಿಯಂನದು. ಕಟ್ಟಡ ಕೆಲಸಕ್ಕೆ ಅಲ್ಯೂಮಿನಿಯಂ ಬಳಸಿದ್ದರಲ್ಲಿ ಇದು ಬಹಳ ಮೊದಲನೆಯದು. ಬೆಳಿಗ್ಗೆ ಎಂಟಕ್ಕೆ ಹೋದರೆ ಒಬ್ಬಾತ ಮೆಟ್ಟಿಲ ಪಕ್ಕದ ಕಂಬಿ ಒರೆಸುತ್ತಿರುತ್ತಾನೆ. ಒರೆಸುವವನಿಗೆ ಎಲ್ಲಿ ನೀರು ಸೋರುತ್ತಿದೆ ಅಂತ ಅವತ್ತೇ ಗೊತ್ತಾಗುತ್ತೆ.

ನಮ್ಮಲ್ಲಿ ಕಟ್ಟಡಕ್ಕೆ 'ಪಾರಂಪರಿಕ' ಅಂತ ಹೆಸರು ಬಂದ ದಿನವೇ ಅದು ಯಾರದ್ದೂ ಅಲ್ಲ ಅನ್ನುವ ಹಾಗಾಗುತ್ತೆ. ಅಂಗಡಿಯವನು ಹೆಂಚು ಬದಲಿಸುವಂತಿಲ್ಲ. ಬದಲಿಸಬೇಕಾದವರು ಸಮಿತಿಯ ವರದಿಗೆ ಕಾಯುತ್ತಾರೆ. ಮಳೆ ಯಾರಿಗೂ ಕಾಯಲ್ಲ. ಗಾರೆ ಗೋಡೆಯೊಳಗೆ ಒಂದು ಸಲ ನೀರು ಇಳಿಯಿತೆಂದರೆ ಅರಳಿ ಬೀಜಕ್ಕೆ ಅಷ್ಟೇ ಸಾಕು.

ಹೋದ ಸಲ ಊರಿಗೆ ಬಂದಾಗ ಲ್ಯಾನ್ಸ್‌ಡೌನ್ ಗೋಡೆಯಲ್ಲಿ ಒಂದು ಅರಳಿ ಗಿಡ ನೋಡಿದ್ದೆ, ಮೊಳದುದ್ದ ಇತ್ತು. ಈ ಸಲ ಅದರ ಮೇಲೆ ಪಾರಿವಾಳ ಕೂತಿತ್ತು.