ಇಬ್ಬರು ಬೀಗಿತ್ತಿಯರು, ಒಂದೇ ಒಲೆ

ಚೀನಾವನ್ನು ಅರ್ಥ ಮಾಡಿಕೊಳ್ಳಬೇಕು ಅನ್ನುವವರು ಮಹಾಗೋಡೆ ಹತ್ತುತ್ತಾರೆ, ಬುಲೆಟ್ ರೈಲು ಏರುತ್ತಾರೆ, ದಪ್ಪ ದಪ್ಪ ಪುಸ್ತಕ ಓದುತ್ತಾರೆ. ಅದೆಲ್ಲ ಇರಲಿ. ನನ್ನನ್ನು ಕೇಳಿದರೆ, ಅಲ್ಲಿನ ಹೊಸವರ್ಷದ ಹಿಂದಿನ ದಿನ ಇಬ್ಬರು ಬೀಗಿತ್ತಿಯರನ್ನು ಒಂದೇ ಅಡುಗೆಮನೆಗೆ ಬಿಟ್ಟು, ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಸುಮ್ನೆ ಕೂತರೆ ಸಾಕು. ಒಬ್ಬರು ಉತ್ತರದವರಿರಬೇಕು, ಇನ್ನೊಬ್ಬರು ದಕ್ಷಿಣದವರು. ಅಷ್ಟೇ ಷರತ್ತು.

ನನಗೆ ಆ ಸ್ಟೂಲ್ ಸಿಕ್ಕಿದ್ದು ದಕ್ಷಿಣ ಚೀನಾದ ಶೆನ್‌ಜೆನ್‌ನಲ್ಲಿ, ಸಹೋದ್ಯೋಗಿಯೊಬ್ಬಳ ಮನೆಯಲ್ಲಿ. ಅವಳ ತವರು ದಕ್ಷಿಣದ ಗುವಾಂಗ್‌ಡೋಂಗ್ ಪ್ರಾಂತ್ಯದ ಶುಂಡೆ. ಗಂಡ ಉತ್ತರದ ಶಾಂಡೋಂಗ್ ಪ್ರಾಂತ್ಯದವನು. ಹೊಸವರ್ಷದ ಹಿಂದಿನ ರಾತ್ರಿಯ ಊಟ ಗಂಡನ ಮನೆಯಲ್ಲಿ, ಹೆಂಡತಿ ತವರಿಗೆ ಹೋಗುವುದು ಹಬ್ಬದ ಎರಡನೇ ದಿನ. ಇದು ಹಳೆಯ ಪದ್ಧತಿ. ಪಕ್ಕದ ಊರಿನ ಸಂಬಂಧವಾದರೆ ಸರಿ. ದೇಶದ ಎರಡು ಕೊನೆಯವರು ಮದುವೆಯಾದರೆ ಏನು ಮಾಡುವುದು? ಪ್ರತಿ ವರ್ಷ "ಈ ಸಲ ಯಾರ ಮನೆಗೆ" ಅನ್ನುವ ಮಾತು ಹಬ್ಬಕ್ಕೆ ತಿಂಗಳ ಮೊದಲೇ ಶುರುವಾಗುತ್ತದೆ. ಈಚೆಗೆ ಜನ ಬೇರೆ ದಾರಿ ಕಂಡುಕೊಂಡಿದ್ದಾರೆ. ತಾವು ಊರಿಗೆ ಹೋಗುವ ಬದಲು ಅಪ್ಪ ಅಮ್ಮಂದಿರನ್ನೇ ಕರೆಸಿಕೊಳ್ಳುತ್ತಾರೆ. ಎದುರು ದಿಕ್ಕಿನ ರೈಲಿನಲ್ಲಿ ಟಿಕೆಟ್ಟೂ ಸುಲಭವಾಗಿ ಸಿಗುತ್ತದೆ. ಜಗಳ ಮಾತ್ರ ಎಲ್ಲೂ ಹೋಗುವುದಿಲ್ಲ. ಅಡುಗೆಮನೆಗೆ ಬಂದು ಕೂರುತ್ತದೆ.

ಶೆನ್‌ಜೆನ್ ಇಂಥದ್ದಕ್ಕೆ ಹೇಳಿ ಮಾಡಿಸಿದ ಊರು. 1980ರಲ್ಲಿ ವಿಶೇಷ ಆರ್ಥಿಕ ವಲಯ ಅಂತ ಘೋಷಣೆಯಾದ ಮೇಲೆ ಬೆಳೆದ ನಗರ. ಇಲ್ಲಿ ಯಾರನ್ನು ಕೇಳಿದರೂ ಊರು ಬೇರೆ ಎಲ್ಲೋ ಇರುತ್ತದೆ. ಹಬ್ಬ ಬಂತೆಂದರೆ ರಸ್ತೆಗಳು ಖಾಲಿ ಹೊಡೆಯುತ್ತವೆ, ಅಂಗಡಿಗಳ ಶಟರ್ ಇಳಿಯುತ್ತದೆ. ಒಬ್ಬಳೇ ವಿದೇಶಿ ರೂಮಿನಲ್ಲಿ ನೂಡಲ್ಸ್ ಬೇಯಿಸಿಕೊಂಡು ಕೂರುವುದು ಬೇಡ ಅಂತ ನನ್ನನ್ನು ಕರೆದಿದ್ದರು.

ಮನೆಯ ಪುಟ್ಟ ಹುಡುಗಿ ಅಪ್ಪನ ತಾಯಿಯನ್ನು ನೈನೈ ಅನ್ನುತ್ತಾಳೆ, ಅಮ್ಮನ ತಾಯಿಯನ್ನು ಪೊಪೊ ಅನ್ನುತ್ತಾಳೆ. ನಾನೂ ಹಾಗೇ ಕರೆದೆ. ನೈನೈ ಆಡುವುದು ಶಾಂಡೋಂಗ್ ರಾಗದ ಮ್ಯಾಂಡರಿನ್. ಪೊಪೊ ಬಾಯಲ್ಲಿ ಬರುವುದು ಕ್ಯಾಂಟನೀಸ್. ಮಧ್ಯೆ ದುಭಾಷಿ ಈ ಹುಡುಗಿ. ಪೊಪೊ ಒಂದು ನಿಮಿಷ ಮಾತಾಡಿದರೆ ಹುಡುಗಿ ಎರಡೇ ಪದದಲ್ಲಿ ಮುಗಿಸುತ್ತಿದ್ದಳು. ಉಳಿದಿದ್ದನ್ನು ಬೇಕೆಂದೇ ನುಂಗುತ್ತಿದ್ದಳು ಅಂತ ನನಗೆ ಅನುಮಾನ. ಬುದ್ಧಿವಂತೆ.

ಬೆಳಿಗ್ಗೆ ಎದ್ದವರೇ ಪೊಪೊ ಒಂದು ಒಲೆಯನ್ನು ಹಿಡಿದುಬಿಟ್ಟಿದ್ದರು. ಅದರ ಮೇಲೆ ಸೂಪು. ಹಂದಿ ಮೂಳೆ, ತಾವರೆ ಬೇರು, ಕಡಲೆಕಾಯಿ ಬೀಜ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ. ಯಾರೂ ಮುಚ್ಚಳ ತೆಗೆಯುವ ಹಾಗಿಲ್ಲ, ಸೌಟು ಹಾಕುವ ಹಾಗಿಲ್ಲ. ನೈನೈ ಹಿಟ್ಟು ಕಲಸಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಲಟ್ಟಣಿಗೆ ಕೇಳಿದರು. ಆ ಮನೆಯಲ್ಲಿ ಲಟ್ಟಣಿಗೆಯೇ ಇಲ್ಲ! ಅನ್ನ ತಿನ್ನುವ ಗುವಾಂಗ್‌ಡೋಂಗ್ ಹುಡುಗಿಗೆ ಅದರ ಅಗತ್ಯ ಬಿದ್ದೇ ಇರಲಿಲ್ಲ. ಅಂಗಡಿಗಳು ಮುಚ್ಚಿದ್ದವು. ನೈನೈ ಮಗನ ಕಡೆ ನೋಡಿದ ನೋಟದಲ್ಲಿ "ಇಷ್ಟು ವರ್ಷ ಏನು ತಿಂದು ಬದುಕಿದ್ದೀಯಪ್ಪಾ" ಅನ್ನುವ ಪ್ರಶ್ನೆ ಇತ್ತು. ಕೊನೆಗೆ ನಾನು ಮೆಟ್ರೋ ಹತ್ತಿ ಹೋಗಿ ನನ್ನ ಲಟ್ಟಣಿಗೆ ಮಣೆ ತಂದೆ. ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಬಂದಿದ್ದ ಲಟ್ಟಣಿಗೆ ಅದು. ನೈನೈ ತಿರುಗಿಸಿ ಮುರುಗಿಸಿ ನೋಡಿದರು. ಅವರ ಕಡೆಯದು ಸಣ್ಣ ಕೋಲು, ಒಂದೇ ಕೈಯಲ್ಲಿ ಉರುಳಿಸುವಂಥದ್ದು. "ದಪ್ಪ ಆಯ್ತು, ಆದ್ರೂ ಪರವಾಗಿಲ್ಲ" ಅಂದರು.

ಅವರು ಮಾಡುತ್ತಿದ್ದುದು ಜಿಯಾವೊಜಿ. ಹಿಟ್ಟಿನ ಸಣ್ಣ ಹಾಳೆಯಲ್ಲಿ ಹೂರಣ ಇಟ್ಟು, ಕರ್ಜಿಕಾಯಿ ಹಾಗೆ ಮಡಚಿ ಅಂಚು ಒತ್ತಿ, ನೀರಲ್ಲಿ ಬೇಯಿಸುತ್ತಾರೆ. ಉತ್ತರದಲ್ಲಿ ಇದಿಲ್ಲದೆ ಹೊಸವರ್ಷ ಇಲ್ಲ. ಹಾಳೆಯ ನಡು ದಪ್ಪ, ಅಂಚು ತೆಳು ಇರಬೇಕು. ನನ್ನದು ಚಪಾತಿ ಕೈ, ಎಲ್ಲಾ ಕಡೆ ಒಂದೇ ಸಮ. ಎಡಗೈಯಲ್ಲಿ ಹಾಳೆ ತಿರುಗಿಸುತ್ತಾ ಬಲಗೈಯಲ್ಲಿ ಅಂಚನ್ನಷ್ಟೇ ಒತ್ತುವ ಅವರ ವೇಗ ನೋಡುತ್ತಾ ಕೂತೆ.

ಉತ್ತರ ದಕ್ಷಿಣ ಅಂತ ಅಲ್ಲಿನವರು ಬಾಯಿಮಾತಿಗೆ ಹೇಳುವುದಿಲ್ಲ. ಅದಕ್ಕೊಂದು ಗೆರೆಯೇ ಇದೆ. ಚಿನ್‌ಲಿಂಗ್ ಬೆಟ್ಟಸಾಲು ಮತ್ತು ಹುವಾಯ್ ನದಿಯನ್ನು ಸೇರಿಸಿದರೆ ಸಿಗುವ ಗೆರೆ. 1908ರಲ್ಲಿ ಜಾಂಗ್ ಶಿಯಾಂಗ್‌ವೆನ್ ಎಂಬ ಭೂಗೋಳ ತಜ್ಞ ಇದನ್ನು ಗುರುತಿಸಿದರು. ವರ್ಷಕ್ಕೆ 800 ಮಿಲಿಮೀಟರ್ ಮಳೆಯ ಗೆರೆ, ಜನವರಿಯಲ್ಲಿ ಸರಾಸರಿ 0 ಡಿಗ್ರಿ ಚಳಿಯ ಗೆರೆ, ಹೆಚ್ಚುಕಮ್ಮಿ ಎರಡೂ ಅಲ್ಲೇ ಹಾಯುತ್ತವೆ. ಮೇಲೆ ಗೋಧಿ, ಕೆಳಗೆ ಭತ್ತ. 1950ರ ದಶಕದಿಂದ ಸರ್ಕಾರ ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ವ್ಯವಸ್ಥೆ ಕೊಟ್ಟಿದ್ದೂ ಇದೇ ಗೆರೆ ಹಿಡಿದು. ಮೇಲಿನವರಿಗೆ ಮನೆಯೊಳಗೆ ಬಿಸಿನೀರಿನ ಕೊಳವೆ, ಕೆಳಗಿನವರಿಗೆ ಸ್ವೆಟರ್.

ಹಾಗಾಗಿ ಹಿಮ ಬೀಳುವ ನಾಡಿನಿಂದ ಬಂದ ನೈನೈ ತಾಳೆ ಮರಗಳ ಶೆನ್‌ಜೆನ್‌ನಲ್ಲಿ ಗಡಗಡ ನಡುಗುತ್ತಿದ್ದರು. ಹೊರಗೆ ಚಳಿ ಇರುವುದು ಅವರಿಗೆ ಗೊತ್ತು. ಮನೆಯೊಳಗೂ ಚಳಿ ಇರಬಹುದು ಅನ್ನುವುದು ಮಾತ್ರ ಅವರ ಲೆಕ್ಕದಲ್ಲೇ ಇರಲಿಲ್ಲ. ಪೊಪೊ ದಪ್ಪ ಜಾಕೆಟ್ ಹಾಕಿಕೊಂಡು, ಕಿಟಕಿಯನ್ನೂ ತೆರೆದಿಟ್ಟು, ಆರಾಮಾಗಿ ಓಡಾಡುತ್ತಿದ್ದರು. "ಗಾಳಿ ಆಡಬೇಕು." ನೈನೈ ಮುಚ್ಚುತ್ತಿದ್ದರು. ಪೊಪೊ ತೆರೆಯುತ್ತಿದ್ದರು. ಮಾತಿಲ್ಲ ಕತೆಯಿಲ್ಲ.

ಈ ಗೋಧಿ ಭತ್ತದ ವಿಷಯಕ್ಕೆ ಸಂಶೋಧಕರೂ ಕೈ ಹಾಕಿದ್ದಾರೆ. ಥಾಮಸ್ ಟಾಲ್‌ಹೆಲ್ಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 2014ರಲ್ಲಿ ಒಂದು ವಾದ ಮುಂದಿಟ್ಟರು. ಭತ್ತಕ್ಕೆ ನೀರು ಹಂಚಿಕೊಳ್ಳಬೇಕು, ನಾಟಿಗೆ ಆಳು ಕೂಡಬೇಕು. ಹಾಗಾಗಿ ಭತ್ತದ ಸೀಮೆಯವರು ಒಬ್ಬರನ್ನೊಬ್ಬರು ನೆಚ್ಚಿಕೊಂಡು ಬಾಳುತ್ತಾರೆ, ಗೋಧಿ ಸೀಮೆಯವರು ತಮ್ಮ ಪಾಡಿಗೆ ತಾವು ಅಂತ. ನಂತರ 2018ರ ಇನ್ನೊಂದು ಅಧ್ಯಯನದಲ್ಲಿ ಸ್ಟಾರ್‌ಬಕ್ಸ್ ಅಂಗಡಿಗಳಲ್ಲಿ ಕುರ್ಚಿಗಳನ್ನು ದಾರಿಗೆ ಅಡ್ಡ ಇಟ್ಟು ನೋಡಿದರು. ಕುರ್ಚಿ ಸರಿಸಿ ಹೋದವರು ಉತ್ತರದಲ್ಲಿ ಜಾಸ್ತಿ. ದಕ್ಷಿಣದಲ್ಲಿ ಬಹಳಷ್ಟು ಜನ ತಾವೇ ಮೈ ಕುಗ್ಗಿಸಿ ನುಸುಳಿಕೊಂಡು ಹೋದರಂತೆ. ಓದಲು ಮಜವಾಗಿದೆ. ಆದರೆ ಆ ಅಡುಗೆಮನೆಯಲ್ಲಿ ನಾನು ಕಂಡಿದ್ದು ಉಲ್ಟಾ. ಗೋಧಿಯ ನೈನೈ ಮನೆಮಂದಿಯನ್ನೆಲ್ಲ ಮೇಜಿನ ಸುತ್ತ ಕೂರಿಸಿದ್ದರು. ಒಬ್ಬರು ಉಂಡೆ ಕತ್ತರಿಸಿ, ಒಬ್ಬರು ಲಟ್ಟಿಸಿ, ಇಬ್ಬರು ತುಂಬಿ. ಜಿಯಾವೊಜಿ ಒಬ್ಬರೇ ಮಾಡುವ ಕೆಲಸ ಅಲ್ಲವೇ ಅಲ್ಲ. ಅನ್ನದ ನಾಡಿನ ಪೊಪೊ ಮಾತ್ರ ತಮ್ಮ ಸೂಪಿನ ಹತ್ತಿರ ನರಪಿಳ್ಳೆಯನ್ನೂ ಬಿಡಲಿಲ್ಲ. ಗದ್ದೆಯ ಲೆಕ್ಕ ಬೇರೆ, ಅಡುಗೆಮನೆ ಲೆಕ್ಕ ಬೇರೆ ಇರಬೇಕು.

ಊಟಕ್ಕೆ ಕೂತಾಗ ಮೊದಲ ತಕರಾರು ಸೂಪು ಯಾವಾಗ ಅಂತ. ಗುವಾಂಗ್‌ಡೋಂಗಿನಲ್ಲಿ ಮೊದಲು ಸೂಪು, ಆಮೇಲೆ ಉಳಿದದ್ದು. ಉತ್ತರದಲ್ಲಿ ಎಲ್ಲ ಮುಗಿದ ಮೇಲೆ. ಪೊಪೊ ಎಲ್ಲರ ಮುಂದೆ ಬಟ್ಟಲು ಇಟ್ಟರು. ನೈನೈ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ "ಆಮೇಲೆ" ಅಂದರು. ಆರಿ ತಣ್ಣಗಾಗುತ್ತಿದ್ದ ಆ ಬಟ್ಟಲನ್ನು ಪೊಪೊ ನೋಡುತ್ತಿದ್ದ ರೀತಿ ನೋಡಲಾಗದೆ ಅಳಿಯ ಅದನ್ನೂ ತಾನೇ ಕುಡಿದ. ಪಾಪ, ಅಳಿಯಂದಿರ ಪಾಡು ಎಲ್ಲ ದೇಶದಲ್ಲೂ ಇಷ್ಟೇ.

ಆಮೇಲೆ ಕೋಳಿ ಬಂತು. ಕೋಳಿ ಇಲ್ಲದೆ ಔತಣ ಇಲ್ಲ ಅನ್ನುತ್ತಾರೆ ಗುವಾಂಗ್‌ಡೋಂಗಿನವರು. ಮಸಾಲೆ ಇಲ್ಲ, ಒಗ್ಗರಣೆ ಇಲ್ಲ. ಕುದಿಯುವ ಹಂತದ ನೀರಲ್ಲಿ ಮುಳುಗಿಸಿ ಹದವಾಗಿ ಬೇಯಿಸಿ, ತುಂಡು ಮಾಡಿ, ಶುಂಠಿ ಈರುಳ್ಳಿಸೊಪ್ಪಿನ ಎಣ್ಣೆಯೊಂದಿಗೆ ಇಡುತ್ತಾರೆ. ಮೂಳೆಯ ಒಳಗೆ ನಸುಗೆಂಪು ಉಳಿದಿದ್ದರೆ ಅದೇ ಸರಿಯಾದ ಹದ. ನೈನೈ ಆ ಕೆಂಪನ್ನು ನೋಡಿ "ಇನ್ನೂ ಬೆಂದಿಲ್ಲ" ಅಂದರು. ಹುಡುಗಿ ಇದನ್ನು ಅನುವಾದಿಸಲಿಲ್ಲ. ಸೇಡು ಐದು ನಿಮಿಷದಲ್ಲೇ ತೀರಿತು. ನೈನೈ ಊರಿನಿಂದ ತಂದ ಉದ್ದನೆಯ ಬಿಳಿ ಈರುಳ್ಳಿ ದಂಟನ್ನು ಹಸಿಯಾಗಿಯೇ ಹುದುಗು ಹಿಟ್ಟಿನ ಕಪ್ಪು ಗೊಜ್ಜಿಗೆ ಅದ್ದಿ ಕಚ್ಚಿದರು. ಶಾಂಡೋಂಗಿನ ಜಾಂಗ್‌ಚ್ಯೂ ಎಂಬಲ್ಲಿ ಈ ಈರುಳ್ಳಿ ಒಂದೂವರೆ ಮೀಟರ್‌ಗಿಂತ ಎತ್ತರ ಬೆಳೆಯುತ್ತದೆ, ಅದು ಅವರ ಹೆಮ್ಮೆ. ಹಸಿ ಈರುಳ್ಳಿ ವಾಸನೆಗೆ ಪೊಪೊ ಕಿಟಕಿಯನ್ನು ಇನ್ನಷ್ಟು ತೆರೆದರು.

ನಾನು ಮಾಂಸ ತಿನ್ನುವುದಿಲ್ಲ ಅನ್ನುವುದು ಇಬ್ಬರಿಗೂ ಒಂದು ಸಮಸ್ಯೆಯೇ ಆಗಿತ್ತು. ಪೊಪೊ ಸೂಪಿನ ಬಟ್ಟಲು ತೋರಿಸಿ, "ಇದರಲ್ಲಿ ಮಾಂಸ ಇಲ್ಲ, ಮೂಳೆ ಎಲ್ಲ ತೆಗೆದಿದ್ದೀನಿ" ಅಂತ ಭರವಸೆ ಕೊಟ್ಟರು. ನೈನೈ ಮೊಟ್ಟೆ ಮತ್ತು ಚೀನೀ ಬೆಳ್ಳುಳ್ಳಿಸೊಪ್ಪಿನ ಹೂರಣದ ಜಿಯಾವೊಜಿ ಒಂದು ತಟ್ಟೆ ನನಗಂತಲೇ ತೆಗೆದಿಟ್ಟಿದ್ದರು. ನನ್ನ ಮೇಲಿನ ಅಕ್ಕರೆಯಷ್ಟೇ ಅಲ್ಲ. ಶಾಂಡೋಂಗಿನ ಎಷ್ಟೋ ಮನೆಗಳಲ್ಲಿ ಮಧ್ಯರಾತ್ರಿಯ ಜಿಯಾವೊಜಿಗೆ ಮಾಂಸ ಹಾಕುವುದಿಲ್ಲವಂತೆ. ಅದನ್ನು ಕೇಳಿ ಪೊಪೊ, ನಮ್ಮ ಕಡೆಯೂ ಹೊಸವರ್ಷದ ಮೊದಲ ಊಟ ಸೊಪ್ಪು ತರಕಾರಿಯದ್ದೇ ಅಂದರು. ಇಷ್ಟು ಹೊತ್ತಿಗೆ ಸಿಕ್ಕಿದ ಮೊದಲ ಒಪ್ಪಂದ ಇದು. ಅದೂ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಜಿಯಾವೊಜಿ ರುಚಿಯಾಗಿದೆ ಅಂತ ಹೊಗಳಿದ ಪೊಪೊ, ತಿಂದು ಮುಗಿಸಿ, "ಸರಿ, ಈಗ ಅನ್ನ ಎಲ್ಲಿ?" ಅಂತ ಕೇಳಿಬಿಟ್ಟರು. ಅವರಿಗೆ ಹಿಟ್ಟಿನದು ಏನಿದ್ದರೂ ತಿಂಡಿ. ನೈನೈಗೆ ಅದೇ ಊಟ.

ಇಷ್ಟರಲ್ಲಿ ಮೂರನೇ ದಿಕ್ಕಿನಿಂದ ಗಾಳಿ ಬೀಸಿತು. ನೈನೈ ಅವರ ಕಿರಿಯ ಸೊಸೆ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನವಳು. ಕೈಚೀಲದಿಂದ ಕೆಂಪೆಣ್ಣೆಯ ಬಾಟಲಿ ತೆಗೆದು ಪ್ರತಿಯೊಂದರ ಮೇಲೂ ಸುರಿದುಕೊಂಡಳು. ಶುಂಡೆಯ ನವಿರಾದ ಹಬೆ ಮೀನಿನ ಮೇಲೂ! ಪೊಪೊ ಕಣ್ಣು ಮುಚ್ಚಿಕೊಂಡರು. ತಮಾಷೆ ಏನೆಂದರೆ ಚೆಂಗ್ಡು 2010ರಲ್ಲಿ, ಶುಂಡೆ 2014ರಲ್ಲಿ, ಎರಡೂ ಯುನೆಸ್ಕೋದ ಪಾಕಕಲೆಯ ನಗರಗಳ ಪಟ್ಟಿ ಸೇರಿವೆ. ಎರಡೂ ಕಡೆಯವರಿಗೆ ಪದಕ ಇದೆ, ಸೋಲುವವರು ಯಾರು?

ಮೆಣಸಿನಕಾಯಿ ಚೀನಾಕ್ಕೂ ಹೊಸದೇ, ನಮಗೆ ಹೇಗೋ ಹಾಗೆ. ಪೋರ್ಚುಗೀಸರು ಅದನ್ನು ಗೋವಾಕ್ಕೆ ತಂದ ಶತಮಾನದಲ್ಲೇ ಅದು ಅಲ್ಲಿಗೂ ಮುಟ್ಟಿತು. 1591ರಲ್ಲಿ ಗಾವ್ ಲಿಯಾನ್ ಅನ್ನುವವರು ಅದನ್ನು ನೋಡಲು ಚೆಂದದ ಕೆಂಪು ಕಾಯಿಯ ಗಿಡ ಅಂತ ಬರೆದಿಟ್ಟಿದ್ದಾರೆ. ಮೊದಲು ಬಂದು ಇಳಿದ ಕರಾವಳಿಯವರು ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಒಳನಾಡಿನ ಗುಯ್‌ಝೋನಲ್ಲಿ ಉಪ್ಪು ಸಿಗುವುದೇ ಕಷ್ಟ, ಅಲ್ಲಿನ ಬಡವರು ಉಪ್ಪಿನ ಬದಲು ಮೆಣಸಿನಕಾಯಿ ತಿಂದರು. ಅಲ್ಲಿಂದ ಸುತ್ತಮುತ್ತ ಹಬ್ಬಿತು. ಸಿಚುವಾನಿನಲ್ಲಿ ಅದಕ್ಕೂ ಮೊದಲೇ ಜುಮ್ಮೆನ್ನಿಸುವ ಇನ್ನೊಂದು ಕಾಳಿತ್ತು. ಆ ಸೊಸೆ ಒಂದು ಕಾಳು ನನ್ನ ಅಂಗೈಗೆ ಹಾಕಿ, ಮುಖ ನೋಡುತ್ತಾ ನಿಂತಳು. ನಾನು ಕಚ್ಚಿ ಸುಮ್ಮನಿದ್ದೆ. ಕರಾವಳಿಯ ಕೊಂಕಣಿಗರ ಮನೆಯಲ್ಲಿ ಉಂಡವರಿಗೆ ತೆಪ್ಪಲ ಗೊತ್ತಿರುತ್ತದೆ. ಅದೇ ಕುಲದ ಗಿಡ. ನಾಲಿಗೆ ಜುಮ್ ಅಂತು, ಆದರೆ ಹೊಸದೇನಲ್ಲ. ಅವಳಿಗೆ ನಿರಾಸೆಯಾಯಿತು.

"ಇಷ್ಟು ಖಾರ ತಿಂದರೆ ಉಷ್ಣ ಆಗುತ್ತೆ" ಅಂದರು ಪೊಪೊ. ಹುಡುಗಿ ಮ್ಯಾಂಡರಿನ್‌ಗೆ ತಿರುಗಿಸಿದಳು. ನನಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಬಾಯಿಹುಣ್ಣು, ಗಂಟಲು ನೋವು, ಮೊಡವೆ, ಎಲ್ಲಕ್ಕೂ ಅಲ್ಲೂ ಉಷ್ಣವೇ ಕಾರಣ! ಅದಕ್ಕೆ ಗುವಾಂಗ್‌ಡೋಂಗಿನ ಬೀದಿಬೀದಿಯಲ್ಲೂ ಕಹಿ ಗಿಡಮೂಲಿಕೆ ಕಷಾಯದ ಅಂಗಡಿ. ಚೀನಾ ಸರ್ಕಾರ 2006ರಲ್ಲಿ ಈ ಕಷಾಯವನ್ನು ದೇಶದ ಪರಂಪರೆಯ ಪಟ್ಟಿಗೇ ಸೇರಿಸಿತು. ಸಿಚುವಾನಿನ ಸೊಸೆ ಬಿಡಲಿಲ್ಲ. ನಮ್ಮ ಕಡೆ ತೇವ ಜಾಸ್ತಿ, ಮೈಯೊಳಗಿನ ಥಂಡಿ ಹೋಗಲು ಖಾರ ಬೇಕೇ ಬೇಕು ಅಂದಳು. ಪೊಪೊ ಊರಲ್ಲಿ ತೇವ ಕಡಿಮೆಯೇ? ಅಲ್ಲಿ ವಸಂತದಲ್ಲಿ ಗೋಡೆಗಳೇ ಬೆವರುತ್ತವೆ. ಅದೇ ಹವೆಗೆ ಒಬ್ಬರ ಮದ್ದು ಕಹಿ, ಇನ್ನೊಬ್ಬರ ಮದ್ದು ಖಾರ. ಹವಾಮಾನ ನೋಡಿ ಅಡುಗೆ ಹುಟ್ಟುತ್ತದೆ ಅನ್ನುವ ಮಾತನ್ನು ನಾನು ಅಲ್ಲಿಂದಾಚೆಗೆ ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಅಡುಗೆ ಮೊದಲು ಹುಟ್ಟಿರುತ್ತದೆ, ಕಾರಣವನ್ನು ಆಮೇಲೆ ಹುಡುಕಿರುತ್ತಾರೆ.

ಉಳಿದ ತಕರಾರುಗಳನ್ನು ಬರೆಯುತ್ತಾ ಹೋದರೆ ಮುಗಿಯದು. ಅಡುಗೆಮನೆ ದೇವರನ್ನು ಕಳಿಸಿಕೊಡುವುದು ವರ್ಷದ ಕೊನೆಯ ತಿಂಗಳ 23ಕ್ಕೋ 24ಕ್ಕೋ. ಮೆತ್ತನೆಯ ತೋಫು ಗಂಜಿಗೆ ಸಕ್ಕರೆ ಪಾಕವೋ ಉಪ್ಪಿನ ಗೊಜ್ಜೋ. ಇದರ ಮೇಲೆ ಇಂಟರ್ನೆಟ್ಟಿನಲ್ಲಿ ಸಿಹಿ ಪಕ್ಷ, ಉಪ್ಪು ಪಕ್ಷ ಅಂತ ಎರಡು ಪಂಗಡಗಳೇ ಇವೆ. ಹಬ್ಬಕ್ಕೆ ದುಡ್ಡು ಹಾಕಿ ಕೊಡುವ ಕೆಂಪು ಲಕೋಟೆ ವಿಷಯವೂ ಹಾಗೇ. ಪೊಪೊ ಮದುವೆಯಾಗದವರಿಗೆಲ್ಲ, ನನ್ನಿಂದ ಹಿಡಿದು ಕೆಳಗಿನ ವಾಚ್‌ಮನ್ ಹುಡುಗನವರೆಗೆ, ಹತ್ತು ಹತ್ತು ಯುವಾನಿನ ಲಕೋಟೆ ಹಂಚಿದರು. ನೈನೈ ಮೊಮ್ಮಗಳಿಗೊಂದೇ ಕೊಟ್ಟರು, ದಪ್ಪಗೆ. "ಬರೀ ಹತ್ತಾ?" ಅಂತ ಒಬ್ಬರ ಮುಖ, "ಬರೀ ಒಂದಾ?" ಅಂತ ಇನ್ನೊಬ್ಬರ ಮುಖ.

ರಾತ್ರಿ ಎಲ್ಲರೂ ಟೀವಿ ಮುಂದೆ ಕೂತರು. 1983ರಿಂದ ಪ್ರತಿ ವರ್ಷ ಬರುವ ಹಬ್ಬದ ಕಾರ್ಯಕ್ರಮ ಅದು. ನೈನೈ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಪೊಪೊಗೆ ಅದರ ತಮಾಷೆಗಳು ಉತ್ತರದವರ ತಮಾಷೆ, ನಗು ಬರುತ್ತಿರಲಿಲ್ಲ. ಯಾರೋ ಹುಡುಗಿಯನ್ನು ಕೇಳಿದರು, ನಿನಗೆ ಯಾವ ಊರಿನ ಊಟ ಇಷ್ಟ, ನೈನೈದೋ ಪೊಪೊದೋ? ಅವಳು ಯೋಚಿಸದೆ, "ಶೆನ್‌ಜೆನ್‌ದು. ಎಳನೀರು ಕೋಳಿ" ಅಂದಳು. ಎಳನೀರಲ್ಲಿ ಕೋಳಿ ಬೇಯಿಸುವ ಬಿಸಿಪಾತ್ರೆಯ ಊಟ, ಈಗ ಆ ಊರಲ್ಲಿ ಬಹಳ ಜನಪ್ರಿಯ.

"ಅದು ಹೈನಾನ್ ದ್ವೀಪದ್ದು" ಅಂದರು ಪೊಪೊ. "ಖಾರ ಹಾಕಿದ್ರೆ ತಿನ್ನಬಹುದು" ಅಂದಳು ಚಿಕ್ಕ ಸೊಸೆ. ನೈನೈ ಮಾತ್ರ ನನ್ನ ಕಡೆ ತಿರುಗಿದರು. ಎಳನೀರಲ್ಲಿ ಯಾರಾದರೂ ಅಡುಗೆ ಮಾಡ್ತಾರಾ, ನಿಮ್ಮಲ್ಲೂ ತೆಂಗು ಇದೆಯಂತಲ್ಲ, ನೀವೇನು ಮಾಡ್ತೀರಿ?

"ಎಳನೀರು ಕುಡೀತೀವಿ, ಕಾಯಿ ತುರಿದು ರುಬ್ಬಿ ಸಾರಿಗೆ ಹಾಕ್ತೀವಿ" ಅಂದೆ.

"ಇಂಡಿಯಾದಲ್ಲಿ ಎಲ್ಲರೂ?"

"ಇಲ್ಲ ನೈನೈ, ನಮ್ಮ ರಾಜ್ಯದಲ್ಲೇ ಎಲ್ಲರೂ ಹಾಕಲ್ಲ" ಅಂತ ವಿಜಯಪುರದ ಜೋಳದ ರೊಟ್ಟಿಯಿಂದ ಶುರು ಮಾಡಿದೆ. ಪೊಪೊ ಟೀವಿ ಸದ್ದು ಕಡಿಮೆ ಮಾಡಿದರು. ರೊಟ್ಟಿ ಬಿಟ್ಟು, ಮಂಡ್ಯದ ಮುದ್ದೆ ದಾಟಿ, ಇನ್ನೇನು ಘಟ್ಟ ಇಳಿಯಬೇಕು, ಅಷ್ಟರಲ್ಲಿ ಟೀವಿಯಲ್ಲಿ ಹನ್ನೆರಡು ಗಂಟೆಗೆ ಎಣಿಕೆ ಶುರುವಾಯಿತು. "ಇರು ಇರು" ಅಂತ ನೈನೈ ಜಿಯಾವೊಜಿಗೆ ನೀರು ಇಡಲು ಎದ್ದರು. "ಅಕ್ಕಿ ತಿನ್ನೋರ ವಿಷಯ ಪೊಪೊಗೆ ಹೇಳು, ನನಗೆ ಆ ರೊಟ್ಟಿ ತಟ್ಟೋದನ್ನ ಬೆಳಿಗ್ಗೆ ತೋರಿಸು."